ಅಟ್ಲಾಂಟಾಕ್ಕೆ ಬಂದವರು ಕೋಕಾ-ಕೋಲಾ ಬಿಟ್ಟು ಇಲ್ಲಿಗೆ ಹೋಗಿ

ಮಗನ ಮನೆಗೋ ಮಗಳ ಬಾಣಂತನಕ್ಕೋ ಎಂದು ಅಟ್ಲಾಂಟಾಕ್ಕೆ ಬರುವ ನಮ್ಮಂಥವರಿಗೆ ತೋರಿಸುವ ಜಾಗಗಳು ಎಲ್ಲರ ಮನೆಯಲ್ಲೂ ಅವೇ. ವರ್ಲ್ಡ್ ಆಫ್ ಕೋಕಾ-ಕೋಲಾ, ಅಕ್ವೇರಿಯಂ, ಲಿಲ್‌ಬರ್ನ್‌ನ ಸ್ವಾಮಿನಾರಾಯಣ ಮಂದಿರ, ಸ್ಟೋನ್ ಮೌಂಟನ್, ಹೊತ್ತು ಉಳಿದರೆ ಮಾರ್ಟಿನ್ ಲೂಥರ್ ಕಿಂಗ್ ಸಮಾಧಿ. ಸ್ಟೋನ್ ಮೌಂಟನ್ ಬಂಡೆಯಲ್ಲಿ ಕುದುರೆ ಮೇಲೆ ಕೂತ ಮೂವರು ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದವರ ನಾಯಕರು, ಕಪ್ಪು ಜನರ ಮೇಲೆ ಹಿಂಸೆ ನಡೆಸಿದ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್ 1915ರಲ್ಲಿ ಮತ್ತೆ ಹುಟ್ಟಿದ್ದು ಆ ಗುಡ್ಡದ ತುದಿಯಲ್ಲೇ. ಅದನ್ನು ಯಾರೂ ಹೇಳುವುದಿಲ್ಲ. ಫೋಟೋ ತೆಗೆಸಿಕೊಂಡು, ಚಪಾತಿ ರೋಲ್ ತಿಂದು ಇಳಿದು ಬರುತ್ತೇವೆ.

ಮೈಸೂರಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು ನಾನು. ಈ ಸಲ ಬಂದದ್ದು ಫೆಬ್ರವರಿಯಲ್ಲಿ. ಸೊಸೆಗೆ ಮೊದಲೇ ಹೇಳಿಬಿಟ್ಟೆ: ಕೋಲಾ ಬೇಡ, ಕಾಲೇಜು ತೋರಿಸು.

ಕಾಲೇಜು ಎಂದರೆ ಊರಿನ ಪಶ್ಚಿಮಕ್ಕಿರುವ ಅಟ್ಲಾಂಟಾ ಯೂನಿವರ್ಸಿಟಿ ಸೆಂಟರ್, ಕಪ್ಪು ಜನರಿಗಾಗಿ ಹುಟ್ಟಿದ ಕಾಲೇಜುಗಳ ಗುಂಪು. ಗೋಡೆಗೆ ಗೋಡೆ ಅಂಟಿಕೊಂಡ ಹಾಗೆ ಗಂಡು ಮಕ್ಕಳ ಮೋರ್‌ಹೌಸ್, ಹೆಣ್ಣು ಮಕ್ಕಳ ಸ್ಪೆಲ್ಮನ್, ಇಬ್ಬರೂ ಓದುವ ಕ್ಲಾರ್ಕ್ ಅಟ್ಲಾಂಟಾ, ಜೊತೆಗೊಂದು ಮೆಡಿಕಲ್ ಕಾಲೇಜು. ಗುಲಾಮಗಿರಿ ಮುಗಿದ ವರ್ಷ, 1865ರಲ್ಲೇ, ಈಗಿನ ಕ್ಲಾರ್ಕ್ ಅಟ್ಲಾಂಟಾದ ಮೂಲವಾದ ಅಟ್ಲಾಂಟಾ ಯೂನಿವರ್ಸಿಟಿ ಹುಟ್ಟಿತು. ಮೋರ್‌ಹೌಸ್‌ನ ಮೂಲ 1867ರಲ್ಲಿ, ಆಗಸ್ಟಾ ಊರಿನಲ್ಲಿ. ಸ್ಪೆಲ್ಮನ್ ಶುರುವಾದದ್ದು 1881ರಲ್ಲಿ, ಒಂದು ಚರ್ಚಿನ ನೆಲಮಾಳಿಗೆಯಲ್ಲಿ. ಗುಲಾಮರಿಗೆ ಅಕ್ಷರ ಕಲಿಸಿದರೆ ಶಿಕ್ಷೆಯಾಗುತ್ತಿದ್ದ ರಾಜ್ಯ ಈ ಜಾರ್ಜಿಯಾ, ಅದೂ ಅದಕ್ಕೆ ಬಹಳ ಹಿಂದೇನಲ್ಲ. ಆ ಲೆಕ್ಕ ಹಿಡಿದು ಈ ಇಸವಿಗಳನ್ನು ಓದಿ.

ಹೋಗುವುದು ಹೇಗೆ? ಮೊದಲು ನಾವು ದುಡ್ಡು ಕೊಟ್ಟು ಒಂದು ಸಿಟಿ ಟೂರ್ ಬಸ್ ಹತ್ತಿದ್ದೆವು. ಹೆಸರು ಬೇಡ. ಕ್ಯಾಂಪಸ್ಸಿನ ಪಕ್ಕದ ರಸ್ತೆಯಲ್ಲಿ ಗೈಡ್ ‘ಎಡಗಡೆ ಕೆಲವು ಐತಿಹಾಸಿಕ ಕಾಲೇಜುಗಳಿವೆ’ ಎಂದ, ಅಷ್ಟರಲ್ಲಿ ಸಿಗ್ನಲ್ ಬಿಟ್ಟಿತು, ಮುಗಿಯಿತು. ಆಮೇಲೆ ಬಹಳ ಹೊತ್ತು ಯಾವ ಸಿನಿಮಾ ಎಲ್ಲಿ ಶೂಟಿಂಗ್ ಆಯಿತು ಎಂಬ ಪುರಾಣ. ಬಸ್ಸು ಬೇಡವೇ ಬೇಡ. ಆಲ್ಫರೆಟ್ಟಾ, ಕಮಿಂಗ್ ಕಡೆ ಇರುವ ನಮ್ಮವರು ನಾರ್ತ್ ಸ್ಪ್ರಿಂಗ್ಸ್‌ನಲ್ಲಿ ಕಾರು ನಿಲ್ಲಿಸಿ ಮಾರ್ಟಾ ರೈಲಿನ ರೆಡ್ ಲೈನ್ ಹತ್ತಿದರೆ ಬದಲಾಯಿಸದೆ ವೆಸ್ಟ್ ಎಂಡ್ ಸ್ಟೇಷನ್ನಿಗೆ ಬರಬಹುದು. ಅಲ್ಲಿಂದ ಕಾಲ್ನಡಿಗೆಯ ದೂರ. ಮಂಡಿ ನೋವಿರುವವರು ಸ್ಟೇಷನ್ನಿನಿಂದ ಟ್ಯಾಕ್ಸಿ ಕರೆಸಿಕೊಳ್ಳಿ. ಫೆಬ್ರವರಿಯಲ್ಲಾದರೆ ಮಂಕಿ ಕ್ಯಾಪ್ ಹಾಕಿಕೊಳ್ಳಿ, ಯಾರೂ ನಗುವುದಿಲ್ಲ.

ಫೆಬ್ರವರಿ ಇಲ್ಲಿ ಕಪ್ಪು ಜನರ ಚರಿತ್ರೆಯ ತಿಂಗಳು. ಕಾರ್ಟರ್ ಜಿ. ವುಡ್ಸನ್ ಎಂಬ ಇತಿಹಾಸಕಾರರು 1926ರಲ್ಲಿ ಇದನ್ನು ಒಂದು ವಾರವಾಗಿ ಶುರು ಮಾಡಿದರು. 12ಕ್ಕೆ ಲಿಂಕನ್, 14ಕ್ಕೆ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಅದರ ವಿರುದ್ಧವೇ ಹೋರಾಡಿದ ಫ್ರೆಡರಿಕ್ ಡಗ್ಲಸ್ ಹುಟ್ಟುಹಬ್ಬ ಬರುವ ವಾರ. ಅದನ್ನು ತಿಂಗಳಿಗೆ ಹಿಗ್ಗಿಸಿದವರು ಒಹಾಯೋದ ಕೆಂಟ್ ಸ್ಟೇಟ್ ಯೂನಿವರ್ಸಿಟಿಯ ಕಪ್ಪು ವಿದ್ಯಾರ್ಥಿಗಳು, 1970ರಲ್ಲಿ. ಅಧ್ಯಕ್ಷ ಫೋರ್ಡ್ ಅದಕ್ಕೆ ಮಾನ್ಯತೆ ಕೊಟ್ಟದ್ದು 1976ರಲ್ಲಿ. ಅಂದರೆ ಹಬ್ಬ ಬೆಳೆದದ್ದು ಕ್ಯಾಂಪಸ್ಸಿನಲ್ಲಿ, ಸರ್ಕಾರ ಬಂದದ್ದು ಆಮೇಲೆ. ಈಗ ಮಾಲ್‌ಗಳಲ್ಲೂ ತಿಂಗಳಿಡೀ ಕೆಂಪು-ಕಪ್ಪು-ಹಸಿರು ಟೀ ಶರ್ಟು ನೇತಾಡುತ್ತವೆ, ಮಾರ್ಚ್ 1ಕ್ಕೆ ಮಾಯ. ನವೆಂಬರ್ ಕನ್ನಡಿಗರನ್ನು ನೋಡಿ ಬೆಳೆದ ನಮಗೆ ಇದೇನು ಹೊಸದಲ್ಲ. ಆದರೆ ಈ ಕ್ಯಾಂಪಸ್ಸಿಗೆ ಆ ರೋಗ ಅಂಟಿಲ್ಲ. ಇಲ್ಲಿ ಚರಿತ್ರೆ ಎಂದರೆ ಮನೆಯ ಹಿರಿಯರ ವಿಷಯ; ತಿಂಗಳು ಯಾವುದಾದರೂ ಅದು ಗೋಡೆಯ ಮೇಲೆಯೇ ಇರುತ್ತದೆ.

ಗೋಡೆಯ ಮೇಲೆ ಎಂದದ್ದು ಬಾಯಿಮಾತಿಗಲ್ಲ. ಕ್ಲಾರ್ಕ್ ಅಟ್ಲಾಂಟಾದ ಟ್ರೆವರ್ ಆರ್ನೆಟ್ ಹಾಲ್‌ಗೆ ಮೊದಲು ಹೋಗಿ. ಒಂದು ಕಾಲಕ್ಕೆ ಲೈಬ್ರರಿಯಾಗಿದ್ದ ಕಟ್ಟಡ, ಈಗ ಕಾಲೇಜಿನ ಕಲಾ ಮ್ಯೂಸಿಯಂ ಅಲ್ಲಿದೆ. ಹೇಲ್ ವುಡ್ರಫ್ ಎಂಬ ಕಲಾವಿದರು 1931ರಲ್ಲಿ ಇಲ್ಲಿ ಮೇಷ್ಟರಾಗಿ ಬಂದರು. ಆಗ ಅಮೆರಿಕದ ದಕ್ಷಿಣ ರಾಜ್ಯಗಳ ದೊಡ್ಡ ಮ್ಯೂಸಿಯಂಗಳು ಕಪ್ಪು ಕಲಾವಿದರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಬೇರೆಯವರ ಬಾಗಿಲು ತಟ್ಟುವ ಬದಲು ವುಡ್ರಫ್ 1942ರಲ್ಲಿ ಕಾಲೇಜಿನಲ್ಲೇ ವರ್ಷಕ್ಕೊಂದು ಪ್ರದರ್ಶನ ಶುರು ಮಾಡಿದರು, ಅದು 1970ರವರೆಗೂ ನಡೆಯಿತು. ಬಹುಮಾನದ ದುಡ್ಡು ಕೊಟ್ಟು ಗೆದ್ದ ಚಿತ್ರವನ್ನು ಕಾಲೇಜು ತನ್ನಲ್ಲೇ ಇಟ್ಟುಕೊಳ್ಳುತ್ತಿತ್ತು. ಬೆಲೆ ಕಟ್ಟಲಾಗದ ಸಂಗ್ರಹ ಹೀಗೆ, ಮೇಷ್ಟರ ಸಂಬಳದ ಜಗತ್ತಿನಲ್ಲಿ, ವರ್ಷಕ್ಕಿಷ್ಟು ಎಂದು ಕೂಡಿತು. ಸಂಸ್ಥೆ ಕಟ್ಟುವುದು ಎಂದರೆ ಏನು ಎಂದು ನಮ್ಮ ವಿಶ್ವವಿದ್ಯಾಲಯಗಳ ಕುಲಪತಿಗಳನ್ನು ಒಂದು ಸಲ ಕರೆತಂದು ತೋರಿಸಬೇಕು.

ನೋಡಲೇಬೇಕಾದದ್ದು ವುಡ್ರಫ್ ಅವರ ಆರು ಭಿತ್ತಿಚಿತ್ರಗಳು. ‘ಆರ್ಟ್ ಆಫ್ ದಿ ನೀಗ್ರೋ’ ಎಂದು ಆ ಕಾಲದ ಮಾತಿನಲ್ಲಿ ಹೆಸರು. 1950ರ ದಶಕದ ಶುರುವಿನಲ್ಲಿ ಬರೆದದ್ದು. ಎತ್ತರದಲ್ಲಿವೆ, ಕುತ್ತಿಗೆ ಎತ್ತಿ ನೋಡಬೇಕು. ಆಫ್ರಿಕಾದ ಮೂಲರೂಪಗಳಿಂದ ಹೊರಟು, ಈಜಿಪ್ಟು ಗ್ರೀಸುಗಳ ಕೊಡುಕೊಳೆ ಹಾದು, ಕೊನೆಗೆ ಗುಹೆಯಲ್ಲಿ ಚಿತ್ರ ಬರೆದವರಿಂದ ತನ್ನ ಕಾಲದ ಗೆಳೆಯರ ತನಕ ಕಲಾವಿದರೆಲ್ಲ ಒಂದೇ ಕಡೆ ಸೇರುವ ಹಾಗೆ ಬರೆದಿದ್ದಾರೆ. ಎಲ್ಲವೂ ಚೆನ್ನಾಗಿವೆ ಎಂದು ಹೇಳಿ ಮುಂದೆ ಹೋಗಬಹುದು, ಆದರೆ ಮೂರನೆಯದರ ಮುಂದೆ ನನ್ನ ಕಾಲು ಕದಲಲಿಲ್ಲ. 1897ರಲ್ಲಿ ಬ್ರಿಟಿಷರು ಇಂದಿನ ನೈಜೀರಿಯಾದಲ್ಲಿರುವ ಬೆನಿನ್ ನಗರವನ್ನು ಸುಟ್ಟು ದೋಚಿದ ಚಿತ್ರ ಅದು. ಬೆಂಕಿಯ ನಾಲಗೆಗಳು, ಅದರೊಳಗೆ ಬೀಳುತ್ತಿರುವ ಶಿಲ್ಪಗಳು, ಕೈಗೆ ಸಿಕ್ಕಿದ್ದನ್ನು ಹೊತ್ತು ನಡೆದ ಬಿಳಿಯರು. ಮುರಿಯುವವನೂ ಹೊತ್ತೊಯ್ಯುವವನೂ ಒಂದೇ ಚೌಕಟ್ಟಿನಲ್ಲಿ.

ಸೊಸೆ ‘ಯಾಕತ್ತೆ, ಸುಸ್ತಾಯ್ತಾ?’ ಅಂದಳು. ಸುಸ್ತೇನಿಲ್ಲಮ್ಮಾ, ಶ್ರೀರಂಗಪಟ್ಟಣ ನೆನಪಾಯಿತು ಅಂದೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಅರಮನೆಯ ಸಾಮಾನು ಲೂಟಿಯಾಯಿತು, ಸಿಂಹಾಸನವನ್ನು ತುಂಡು ತುಂಡಾಗಿ ಹಂಚಿಕೊಂಡರು, ಬಿಳಿಯನನ್ನು ಕಚ್ಚುವ ಆ ಮರದ ಹುಲಿ ಇವತ್ತಿಗೂ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ನಮ್ಮ ಊರಿನ ಯಾವ ಕಾಲೇಜಿನ ಗೋಡೆಯ ಮೇಲೂ ಆ ದಿನವನ್ನು ಹೀಗೆ ಮುಖಕ್ಕೆ ಹೊಡೆಯುವಂತೆ ಬರೆಸಿದ್ದನ್ನು ನಾನು ಕಂಡಿಲ್ಲ.

ಮ್ಯೂಸಿಯಂ ಚಿಕ್ಕದು, ಅದೇ ಅದರ ಗುಣ. ಕಾಲು ಸೋಲುವ ಮೊದಲೇ ನೋಡಿ ಮುಗಿಯುತ್ತದೆ. ಕಾಲೇಜಿನ ರಜೆ, ಪರೀಕ್ಷೆ ನೋಡಿಕೊಂಡು ಹೊರಡಿ. ಸ್ಪೆಲ್ಮನ್‌ನಲ್ಲೂ ಒಂದು ಮ್ಯೂಸಿಯಂ ಇದೆ, ಆಫ್ರಿಕಾ ಮೂಲದ ಹೆಣ್ಣುಮಕ್ಕಳ ಕಲೆಗೇ ಮೀಸಲಾದದ್ದು. ಪ್ರದರ್ಶನಗಳು ಬದಲಾಗುತ್ತಿರುತ್ತವೆ, ಏನು ನಡೆಯುತ್ತಿದೆ ತಿಳಿದುಕೊಂಡು ಹೋಗುವುದು ಒಳ್ಳೆಯದು.

ನಮ್ಮ ಜೊತೆ ಬಂದವರು ಸೊಸೆಯ ಆಫೀಸಿನ ಗೆಳತಿ, ಸ್ಪೆಲ್ಮನ್‌ನಲ್ಲೇ ಓದಿದಾಕೆ. ಗೊತ್ತಿರುವ ಒಬ್ಬರು ಜೊತೆಗಿದ್ದರೆ ಈ ಜಾಗದ ರುಚಿಯೇ ಬೇರೆ. ‘1968ರಲ್ಲಿ ಕಿಂಗ್ ಅವರ ಪಾರ್ಥಿವ ಶರೀರ ಇಟ್ಟಿದ್ದು ಈ ಸಿಸ್ಟರ್ಸ್ ಚಾಪೆಲ್‌ನಲ್ಲಿ; ನನ್ನ ಅಜ್ಜಿ ಸಾಲಿನಲ್ಲಿ ನಿಂತಿದ್ದರು’ ಎಂದು ತನ್ನ ಮನೆಯ ಮಾತಿನ ಹಾಗೆ ಹೇಳಿದಳು. ಕಿಂಗ್ ಮೋರ್‌ಹೌಸ್‌ಗೆ ಸೇರಿದ್ದು 1944ರಲ್ಲಿ, 15ನೇ ವಯಸ್ಸಿಗೆ. ಅವರ ಹೆಸರಿನ ಚಾಪೆಲ್ ಮುಂದೆ ಕೈ ಚಾಚಿ ದೂರಕ್ಕೆ ಬೆರಳು ತೋರುವ ಕಂಚಿನ ಪ್ರತಿಮೆ ಇದೆ. ಎಲ್ಲರೂ ಫೋಟೋ ತೆಗೆಸಿಕೊಳ್ಳುವುದು ಅಲ್ಲಿ.

ನಾನು ಬಂದದ್ದು ಇನ್ನೊಂದು ಪ್ರತಿಮೆಗೆ. ಗ್ರೇವ್ಸ್ ಹಾಲ್ ಮುಂದೆ ಬೆಂಜಮಿನ್ ಮೇಸ್ ನಿಂತಿದ್ದಾರೆ; ಅವರ, ಅವರ ಹೆಂಡತಿ ಸೇಡಿಯವರ ಸಮಾಧಿಯೂ ಅಲ್ಲೇ. ಗುಲಾಮರಾಗಿ ಹುಟ್ಟಿದ ತಂದೆತಾಯಿಯ ಮಗ, 1940ರಿಂದ 1967ರವರೆಗೆ ಮೋರ್‌ಹೌಸ್‌ನ ಅಧ್ಯಕ್ಷ, ಕಿಂಗ್‌ಗೆ ಗುರು. ಇಬ್ಬರಲ್ಲಿ ಯಾರು ಮೊದಲು ಹೋದರೂ ಉಳಿದವರು ಶ್ರದ್ಧಾಂಜಲಿಯ ಮಾತಾಡಬೇಕೆಂದು ಗುರುಶಿಷ್ಯರ ಒಪ್ಪಂದವಾಗಿತ್ತಂತೆ. ಮಾತಾಡಬೇಕಾಗಿ ಬಂದದ್ದು ಮುದುಕರಿಗೆ, ಇದೇ ಕ್ಯಾಂಪಸ್ಸಿನಲ್ಲಿ.

ಮೇಸ್ ನಮ್ಮ ಮೈಸೂರಿಗೆ ಬಂದಿದ್ದರು. 1937ರ ಜನವರಿ, ನಾಲ್ವಡಿಯವರ ಕಾಲ, ವೈಎಂಸಿಎ ವಿಶ್ವ ಸಮ್ಮೇಳನ. ಆಗ ಅವರು ವಾಷಿಂಗ್ಟನ್ನಿನ ಹೋವರ್ಡ್ ಯೂನಿವರ್ಸಿಟಿಯಲ್ಲಿ ಡೀನ್. ಅದೇ ಪ್ರವಾಸದಲ್ಲಿ ಗಾಂಧಿಯವರ ಜೊತೆ 90 ನಿಮಿಷ ಮಾತಾಡಿದರು, ಅದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವಾದದ್ದು ಬೇರೆ. ಮೈಸೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಅಸ್ಪೃಶ್ಯರೆಂದು ಊರಾಚೆ ಇಟ್ಟವರ ಮಕ್ಕಳ ಶಾಲೆ. ಅಲ್ಲಿನ ಹೆಡ್‌ಮಾಸ್ಟರು ಬೇರೆ ಯಾವ ಪ್ರತಿನಿಧಿಯೂ ಬೇಡ, ಇವರೇ ಬರಬೇಕೆಂದು ಕರೆದೊಯ್ದರು. ಮಕ್ಕಳ ಮುಂದೆ ನಿಲ್ಲಿಸಿ, ಇವರೂ ಅವರ ದೇಶದಲ್ಲಿ ಅಸ್ಪೃಶ್ಯರೇ, ಆದರೂ ಎಷ್ಟು ಮೇಲೆ ಬಂದಿದ್ದಾರೆ ನೋಡಿ ಎಂದು ಪರಿಚಯಿಸಿದರು. ಮೇಸ್‌ಗೆ ಮೊದಲು ದಿಗ್ಭ್ರಮೆ. ಯೋಚಿಸಿದಾಗ ಹೆಡ್‌ಮಾಸ್ಟರು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ ಎಂಬುದು ಅವರ ಆತ್ಮಕಥೆಯಲ್ಲಿದೆ. ಹೆಡ್‌ಮಾಸ್ಟರ ಹೆಸರು, ಹಳ್ಳಿಯ ಹೆಸರು ಹುಡುಕುವ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಮೈಸೂರಿನಲ್ಲಿ ಸಿಗಬೇಕಪ್ಪ. ಸೊಸೆಯ ಗೆಳತಿಗೆ ಗಾಂಧಿ ಭೇಟಿ ಗೊತ್ತಿತ್ತು, ಈ ಕಥೆ ಗೊತ್ತಿರಲಿಲ್ಲ. ಸಮಾಧಿಯ ಪಕ್ಕದಲ್ಲೇ ನಿಂತು ಫೋನಿನಲ್ಲಿ ಮೈಸೂರು ಎಲ್ಲಿದೆ ಎಂದು ನೋಡಿದಳು.

ಇನ್ನು ಊಟ. ಮಾರ್ಟಿನ್ ಲೂಥರ್ ಕಿಂಗ್ ಡ್ರೈವ್‌ನಲ್ಲಿ ಬಿಸಿ ಬೀ (Busy Bee) ಕೆಫೆ. ಹಿಂದೆ ಈ ರಸ್ತೆ ಹಂಟರ್ ಸ್ಟ್ರೀಟ್. 1947ರಲ್ಲಿ ಲೂಸಿ ಜಾಕ್ಸನ್ ಎಂಬಾಕೆ ತೆರೆದ ಹೋಟೆಲು, 2022ರಲ್ಲಿ ಅಮೆರಿಕದ ಅಡುಗೆ ಲೋಕದ ದೊಡ್ಡ ಮರ್ಯಾದೆಯಾದ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. ಅದೇ 1947ರಲ್ಲಿ ಅದೇ ರಸ್ತೆಯಲ್ಲಿ ಪಾಸ್ಕಲ್ ಅಣ್ಣತಮ್ಮಂದಿರೂ ಹೋಟೆಲು ಶುರು ಮಾಡಿದರು. 1960ರ ಮಾರ್ಚ್ 9ರಂದು ಈ ಕಾಲೇಜುಗಳ ವಿದ್ಯಾರ್ಥಿಗಳು ಪತ್ರಿಕೆಗಳಲ್ಲಿ ಇಡೀ ಪುಟದ ಹಕ್ಕೊತ್ತಾಯ ಪ್ರಕಟಿಸಿದರು, ಆಮೇಲೆ ಬಿಳಿಯರ ಕ್ಯಾಂಟೀನುಗಳಲ್ಲಿ ಧರಣಿ ಕೂತು ಜೈಲಿಗೆ ಹೋದರು. ಬಿಡುಗಡೆಯಾಗಿ ಬಂದ ಮಕ್ಕಳಿಗೆ ಪಾಸ್ಕಲ್ಸ್‌ನಲ್ಲಿ ಪುಕ್ಕಟೆ ಊಟ, ಅಪ್ಪ ಅಮ್ಮ ಅಲ್ಲೇ ಕಾದು ಕೂತಿರುತ್ತಿದ್ದರು. ಪಾಸ್ಕಲ್ಸ್ ಈಗ ಬೇರೆ ಕಡೆ ದೊಡ್ಡದಾಗಿದೆ. ನಾವು ಹೋದದ್ದು ಬಿಸಿ ಬೀಗೆ.

ಜಾಗ ಚಿಕ್ಕದು, ಕಾಯಬೇಕು, ಅದು ಮೊದಲೇ ಗೊತ್ತಿರಲಿ. ಮಾಂಸದ ಜೊತೆ ಎರಡು ಪಲ್ಯ ಆರಿಸಿಕೊಳ್ಳುವ ಪದ್ಧತಿ. ಫ್ರೈಡ್ ಚಿಕನ್ ಮೇಲ್ಪದರ ಕರಕರ, ಒಳಗೆ ರಸ ಆರಿಲ್ಲ, ಉಪ್ಪು ಮೂಳೆಯವರೆಗೂ ಹಿಡಿದಿದೆ. ಕಾಲರ್ಡ್ ಸೊಪ್ಪನ್ನು ಮೆತ್ತಗೆ ಗಂಟೆಗಟ್ಟಲೆ ಬೇಯಿಸಿ ಕಟ್ಟಿನ ಸಮೇತ ಕೊಡುತ್ತಾರೆ. ತಟ್ಟೆಯ ತಳದ ಆ ಕಟ್ಟಿಗೆ ಮುಸುಕಿನ ಜೋಳದ ರೊಟ್ಟಿ, ಅಂದರೆ ಕಾರ್ನ್‌ಬ್ರೆಡ್, ಅದ್ದಿ ತಿನ್ನಬೇಕು. ಈ ಊಟದಲ್ಲಿ ಸೊಪ್ಪಿಗೂ ಕಾಳಿಗೂ ಮಾಂಸ ಹಾಕುವುದು ವಾಡಿಕೆ, ಸಸ್ಯಾಹಾರಿಗಳು ಕೇಳಿಯೇ ಬಡಿಸಿಕೊಳ್ಳಿ. ನಾನು ಸೋಮವಾರ ಒಂದು ಬಿಟ್ಟು ಎಲ್ಲ ತಿನ್ನುವವಳು, ತೊಂದರೆಯಿಲ್ಲ. ಕಾಳು ಯಾವುದೆಂದರೆ ನಮ್ಮ ಅಲಸಂದೆ. ಅಲಸಂದೆ, ಬೆಂಡೆಕಾಯಿ ಎರಡೂ ಆಫ್ರಿಕಾದಿಂದ ಗುಲಾಮರ ಹಡಗುಗಳ ಕಾಲದಲ್ಲಿ ಈ ಕಡೆ ಬಂದವು. ನಮ್ಮ ರಾಗಿಯೂ ಪೂರ್ವ ಆಫ್ರಿಕಾದ ಬೆಟ್ಟಗಳದ್ದೇ, ಸಾವಿರಾರು ವರ್ಷಗಳ ಹಿಂದೆ ನಮ್ಮ ಕಡೆ ಬಂತು. ಇದನ್ನು ಹೇಳಿದಾಗ ಗೆಳತಿ ‘ಹಾಗಾದರೆ ಮುದ್ದೆ ನಾನು ತಿನ್ನಲೇಬೇಕಲ್ಲ’ ಅಂದಳು. ಬರುವ ಭಾನುವಾರಕ್ಕೆ ಕರೆದಿದ್ದೇವೆ, ಬಸ್ಸಾರಿಗೆ ಸೊಪ್ಪು ಯಾವುದೆಂದು ಸೊಸೆಗೂ ನನಗೂ ಇನ್ನೂ ತೀರ್ಮಾನವಾಗಿಲ್ಲ.

ಸಿಹಿ ಮಾತ್ರ ನನಗೆ ಒಗ್ಗಲಿಲ್ಲ. ಸಿಹಿಗೆಣಸನ್ನು ಸಕ್ಕರೆ ಪಾಕದಲ್ಲಿ ಮುಳುಗಿಸಿ ಊಟದ ಜೊತೆಗೇ ಬಡಿಸುವುದು, ಅದರ ಮೇಲೆ ಸಿಹಿ ಚಹಾ. ಸಕ್ಕರೆ ಕಾಯಿಲೆಯವರು ದೂರ ಇರಿ. ಪೀಚ್ ಕಾಬ್ಲರ್ ಅನ್ನು ಮಾತ್ರ ಒಂದು ತರಿಸಿ ಮೂವರು ಹಂಚಿಕೊಳ್ಳಬಹುದು.

ಇಡೀ ದಿನ ಸಿಕ್ಕರೆ ಬೆಳಿಗ್ಗೆ ಚಿತ್ರಗಳು, ಆಮೇಲೆ ಮೇಸ್, ಮಧ್ಯಾಹ್ನದ ನೂಕುನುಗ್ಗಲು ಮುಗಿದ ಮೇಲೆ ಊಟ. ಎರಡೇ ಗಂಟೆ ಇದ್ದರೆ ಟ್ರೆವರ್ ಆರ್ನೆಟ್ ಹಾಲ್ ನೋಡಿ, ಚಿಕನ್ ಪಾರ್ಸೆಲ್ ಕಟ್ಟಿಸಿಕೊಳ್ಳಿ. ಮಾರ್ಟಾ ರೈಲಿನೊಳಗೆ ಬಿಚ್ಚಬೇಡಿ, ಅಲ್ಲಿ ತಿನ್ನುವ ಹಾಗಿಲ್ಲ.