ಕೊಲಂಬಸ್‌ನ ಸ್ಪೋರ್ಟ್ಸ್ ಬಾರ್: ವಿಂಗ್ಸ್ ಸೂಪರ್, ಜಗಳ ಫ್ರೀ

ಓಹಾಯೊ ಸ್ಟೇಟ್ ಯೂನಿವರ್ಸಿಟಿ ಕ್ಯಾಂಪಸ್ ಹತ್ರದ ಈ ಬಾರಲ್ಲಿ ಕಾಲೇಜ್ ಫುಟ್ಬಾಲ್ ಪ್ಲೇಆಫ್ (ಅಮೆರಿಕನ್ ಫುಟ್ಬಾಲಲ್ಲಿ ಕಾಲೇಜ್ ಚಾಂಪಿಯನ್ ಯಾರು ಅಂತ ತೀರ್ಮಾನಿಸೋ ನಾಕೌಟ್) ನೋಡೋ ಮಜಾನೇ ಬೇರೆ. ಎಲ್ಲಿ ಕೂತ್ರೂ ಸ್ಕ್ರೀನ್ ಕಾಣುತ್ತೆ, ವಿಂಗ್ಸ್ ಬಿಸಿಬಿಸಿ ಬರುತ್ತೆ, ನ್ಯಾಪ್ಕಿನ್ ಎಲ್ಲಾ ಖಾಲಿ ಆದ್ರೂ ಬೆರಳಲ್ಲಿರೋ ಸಾಸ್ ಖಾರ ಹೋಗಲ್ಲ, ವೆಜ್ ಅಂದ್ರೆ ಫ್ರೈಸು ಚೀಸ್ ಸ್ಟಿಕ್ಕು ಅಷ್ಟೇ, ಪಾರ್ಕಿಂಗ್ ಬಗ್ಗೆ ಕೇಳ್ಲೇಬೇಡಿ.

ಅಸಲಿ ಮಜಾ ಅಂದ್ರೆ ಪಕ್ಕದ ಟೇಬಲ್‌ನೋರ ಜೊತೆ ಪ್ಲೇಆಫಲ್ಲಿ ಯಾವ ಟೀಮಿಗೆ ಸೀಟು ಅನ್ನೋ ಜಗಳ. 2024ರಲ್ಲಿ 12 ಟೀಮ್ ಮಾಡಿ 5 ಕಾನ್ಫರೆನ್ಸ್ (ಕಾಲೇಜ್ ಟೀಮ್‌ಗಳ ಲೀಗ್) ಚಾಂಪಿಯನ್‌ಗಳಿಗೆ ಗ್ಯಾರಂಟಿ ಜಾಗ, ಅದ್ರಲ್ಲಿ ಮೇಲಿನ 4ಕ್ಕೆ ಮೊದಲ ರೌಂಡ್ ರಜಾ ಕೊಟ್ರಲ್ಲ, ರ‍್ಯಾಂಕಿಂಗ್‌ನಲ್ಲಿ 9ನೇದಾಗಿದ್ದ ಬಾಯ್ಸಿ ಸ್ಟೇಟು, 12ನೇ ಅರಿಜೋನಾ ಸ್ಟೇಟು ಆರಾಮಾಗಿ ಕೂತ್ವು, ನಂಬರ್ 1 ಆರೆಗಾನ್‌ಗೆ ರಜಾ ಸಿಕ್ಕಿದ್ರೂ ರೋಸ್ ಬೌಲಲ್ಲಿ (ಕ್ವಾರ್ಟರ್ ಫೈನಲ್) ನಮ್ಮ ಓಹಾಯೊ ಸ್ಟೇಟ್‌ನೋರೇ ಗಂಟುಬಿದ್ದು 41-21 ಬಾರಿಸಿದ್ರು. ರಜಾ ಸಿಕ್ಕಿದ ನಾಲ್ಕೂ ಟೀಮು ಸೋತ್ವು! 2025ಕ್ಕೆ ಚಾಂಪಿಯನ್‌ಗಳಿಗೇ ರಜಾ ಅನ್ನೋ ಆ ರೂಲ್ ತೆಗೆದಿದ್ದು ಸರಿನೇ.

ಬಿಗ್ ಟೆನ್ ಕಾನ್ಫರೆನ್ಸ್ ಕಡೆಯಿಂದ ಬಂದ, ತಮಗೆ 4, ಎಸ್‌ಇಸಿಗೆ (ಸೌತ್‌ಈಸ್ಟರ್ನ್ ಕಾನ್ಫರೆನ್ಸ್) 4 ಪ್ಲೇಆಫ್ ಸೀಟು ಫಿಕ್ಸ್ ಮಾಡಿ ಅನ್ನೋ ಐಡಿಯಾಗೆ ಇಲ್ಲಿ ಜೈಕಾರ ಹಾಕೋರೇ ಜಾಸ್ತಿ (ಓಹಾಯೊ ಸ್ಟೇಟ್ ಬಿಗ್ ಟೆನ್ನೇ ಅಲ್ವಾ), ನಂಗಂತೂ ಒಪ್ಪಿಗೆ ಇಲ್ಲ, ಆಡೋ ಮುಂಚೆನೇ ಸೀಟು ಬುಕ್ ಆದ್ರೆ ಸೀಸನ್ ಶುರುವಿನ ಸೆಪ್ಟೆಂಬರ್ ಮ್ಯಾಚ್ ಯಾವ ಸುಖಕ್ಕೆ ನೋಡ್ಬೇಕು ಹೇಳಿ?

4 ಸ್ಟಾರ್. ಶನಿವಾರ ಆದ್ರೆ ಒಂದ್ ಗಂಟೆ ಮುಂಚೆನೇ ಹೋಗಿ.