ನಾಯಿ ಗಾಣ: ಮೋಟಾರಿಲ್ಲದ ಸ್ಲ್ಯಾಟ್‌ಮಿಲ್, 22 ತಿಂಗಳ ಬಳಕೆಯ ನಂತರ

ಸ್ಲ್ಯಾಟ್‌ಮಿಲ್ ಅಂದರೆ ನಾಯಿ ತನ್ನ ಕಾಲಿನಿಂದಲೇ ತಿರುಗಿಸುತ್ತ ಓಡುವ ಮರದ ಟ್ರೆಡ್‌ಮಿಲ್. ಇದನ್ನು ಮಾಡಿಸಿದ್ದು ಮೈಸೂರಿನ ಒಂದು ವರ್ಕ್‌ಶಾಪಿನಲ್ಲಿ. ಇಟ್ಟಿರುವುದು ಪಾಂಡವಪುರ ಕಡೆಯ ತೋಟದ ಮನೆಯ ಶೆಡ್ಡಿನಲ್ಲಿ. ಓಡುತ್ತಿರುವುದು ಎರಡು ಮುಧೋಳ, ಒಂದು ಕಾರವಾನ್ ಬೇಟೆನಾಯಿ. ಮೂರಕ್ಕೂ ಕಬ್ಬಿನ ಗದ್ದೆಗೆ ಬರುವ ಹಂದಿ ಅಟ್ಟುವ ಕೆಲಸ. ಸಾಗಣೆ ಸೇರಿ 52 ಸಾವಿರ ಬಿದ್ದಿದೆ. ಊರಿನವರು ಇಟ್ಟಿರುವ ಹೆಸರು ‘ನಾಯಿ ಗಾಣ’. ಹೆಸರು ಸರಿಯಾಗೇ ಇದೆ, ಎಣ್ಣೆ ಬರಲ್ಲ ಅಷ್ಟೇ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಏರಿ ಪಕ್ಕದಲ್ಲೇ ಇರುವಾಗ ಇದೆಲ್ಲ ಯಾಕೆ ಎನ್ನುವವರಿಗೆ ಒಂದೇ ಮಾತು: ಚಿರತೆ. ಬೇಸಿಗೆಯಲ್ಲಿ ನಾಯಿ ಓಡಿಸೋಕೆ ಇರುವ ಹೊತ್ತು ಬೆಳಗಿನ ಜಾವ, ಚಿರತೆ ಓಡಾಡುವುದೂ ಅದೇ ಹೊತ್ತಲ್ಲಿ, ಅಡಗುವುದು ಕಬ್ಬಿನ ಒಳಗೆ. 2022-23ರಲ್ಲಿ ತಿ. ನರಸೀಪುರ ತಾಲ್ಲೂಕಿನಲ್ಲಿ ಮನುಷ್ಯರೇ ಬಲಿಯಾದ ಮೇಲೆ ಐದು ಗಂಟೆಗೆ ನಾಯಿ ಹಿಡಿದು ಏರಿ ಮೇಲೆ ಹೋಗುವುದು ಜಾಣತನವಲ್ಲ. ಕಬ್ಬು ಅರೆಯುವ ಹಂಗಾಮಿನಲ್ಲಿ ರಸ್ತೆ ತುಂಬ ಟ್ರ್ಯಾಕ್ಟರ್ ಬೇರೆ.

ಯಂತ್ರ ಸರಳ. ಎರಡು ತುದಿಗೆ ಎರಡು ಡ್ರಮ್, ಅವುಗಳ ಮೇಲೆ ಎರಡು ಕನ್ವೇಯರ್ ಬೆಲ್ಟ್, ಬೆಲ್ಟಿಗೆ ಅಡ್ಡಡ್ಡಲಾಗಿ ಬೋಲ್ಟ್ ಹಾಕಿದ ಸಿಲ್ವರ್ ಓಕ್ ರೀಪರ್, ಅಂದರೆ ಮರದ ತೆಳು ತುಂಡುಗಳು. ಓಡುವ ಜಾಗ 6 ಅಡಿ ಉದ್ದ, 18 ಇಂಚು ಅಗಲ. ರೀಪರ್ ಹಾಯುವ ದಾರಿಯಲ್ಲಿ ಎರಡೂ ಕಡೆ ಹದಿನಾಲ್ಕು ಹದಿನಾಲ್ಕು ಬೇರಿಂಗ್. ನಾಯಿ ಹೆಜ್ಜೆ ಹಾಕಿದರೆ ಈ ರೀಪರ್‌ಗಳ ಪಟ್ಟಿ ಸುತ್ತುತ್ತೆ, ನಾಯಿ ನಿಂತರೆ ನಿಲ್ಲುತ್ತೆ. ಜಿಮ್ಮಿನಿಂದ ತಂದ ಹಳೇ ಟ್ರೆಡ್‌ಮಿಲ್ ಮೇಲೆ ನಾಯಿ ಹತ್ತಿಸುವವರು ಈ ಒಂದು ವ್ಯತ್ಯಾಸ ಗಮನಿಸಬೇಕು. ಮೋಟಾರಿಗೆ ನಾಯಿ ಸುಸ್ತಾಗಿದ್ದು ಗೊತ್ತಾಗಲ್ಲ. ಹಳ್ಳಿ ಕಡೆಯ ಕರೆಂಟನ್ನೂ ಕಾಯಬೇಕಿಲ್ಲ.

ವೇಗ ತಿಳಿಯೋಕೆ ಮೀಟರ್ ಬೇಡ. ಒಂದು ರೀಪರ್‌ಗೆ ಕೆಂಪು ಬಣ್ಣ ಬಳಿಯಿರಿ. ಪಟ್ಟಿ ಒಂದು ಸುತ್ತು ಬಂದರೆ ಸುಮಾರು 4 ಮೀಟರ್. ಹದಿನೈದು ಸೆಕೆಂಡಿಗೆ ಕೆಂಪು ಹತ್ತು ಸಲ ಕಂಡರೆ ನಿಮಿಷಕ್ಕೆ 160 ಮೀಟರ್, ಅಂದರೆ ಗಂಟೆಗೆ 9.6 ಕಿ.ಮೀ. ಈ ಎತ್ತರದ ನಾಯಿಗೆ ಅದು ಹಿತವಾದ ಕುಕ್ಕುಲೋಟ. ಮುಂದಿನ ಎಡಗಾಲು, ಹಿಂದಿನ ಬಲಗಾಲು ಜೊತೆಗೆ ಏಳುವ ಓಟ ಇದು. ಈ ಮಿಲ್ ಇರುವುದೇ ಇದಕ್ಕೆ.

ನಾಗಾಲೋಟಕ್ಕೆ 6 ಅಡಿ ಸಾಲದು. ಮುಧೋಳ, ಗ್ರೇಹೌಂಡ್‌ನಂಥ ನಾಯಿ ಪೂರ್ತಿ ವೇಗದಲ್ಲಿ ಒಂದೊಂದು ನೆಗೆತಕ್ಕೂ ಎರಡು ಸಲ ನೆಲ ಬಿಡುತ್ತೆ: ಮೈ ಚಾಚಿದಾಗ ಒಮ್ಮೆ, ಬೆನ್ನು ಬಾಗಿಸಿ ಕಾಲು ಕೂಡಿಸಿದಾಗ ಒಮ್ಮೆ. ಅಷ್ಟು ಚಾಚಿದಾಗ ಮುಂಗಾಲು ಮುಂದಿನ ಡ್ರಮ್ಮಿನ ತಿರುವಿಗೆ ಬೀಳುತ್ತೆ. ಅಲ್ಲೇ ರೀಪರ್‌ಗಳು ಬಾಯಿ ಬಿಡುವುದು. ನೇರ ಭಾಗದಲ್ಲಿ 3 ಮಿ.ಮೀ. ಇರುವ ಸಂದು ತಿರುವಿನಲ್ಲಿ ಉಗುರು ಹೋಗುವಷ್ಟು ಅಗಲವಾಗುತ್ತೆ. ಮುಂದಿನ ತಿರುವಿಗೆ ತಗಡಿನ ಮುಚ್ಚಳ ಇಲ್ಲದ ಮಿಲ್ ಯಾರೇ ಕೊಟ್ಟರೂ ತಗೋಬೇಡಿ. ಇದಕ್ಕೂ ಇರಲಿಲ್ಲ, ಆಮೇಲೆ ಹಾಕಿಸಿದ್ದು.

ಈಗ ಕೆಟ್ಟಿದ್ದರ ಪಟ್ಟಿ. ಮೊದಲ ಮಳೆಗಾಲಕ್ಕೇ ರೀಪರ್ ಊದಿ ಒಂದಕ್ಕೊಂದು ಉಜ್ಜತೊಡಗಿತು. ಕಾರಣ, ಎಣ್ಣೆ ಹಚ್ಚದ ಮರ. ಎಲ್ಲ ಬಿಚ್ಚಿ, ಒಣಗಿಸಿ, ಅಂಚು ತುಸು ಹೆರೆದು, ಎರಡು ಕೋಟ್ ಅಗಸೆ ಎಣ್ಣೆ ಕೊಟ್ಟ ಮೇಲೆ ಎರಡನೇ ಮಳೆಗಾಲ ಸಲೀಸಾಗಿ ಕಳೆಯಿತು. ವಾರ್ನಿಷ್ ಬೇಡ, ಜಾರುತ್ತೆ. ಹಾಗಂತ ಮರಳು ಕಾಗದ ಅಂಟಿಸುವುದು ಅದಕ್ಕಿಂತ ಕೆಟ್ಟದ್ದು, ಹತ್ತು ನಿಮಿಷಕ್ಕೆ ಅಂಗಾಲು ಸುಲಿಯುತ್ತೆ. ಅಡ್ಡಕ್ಕೆ ಎರಡು ಸಣ್ಣ ಗೀರು ಕೊರೆಸಿದರೆ ಸಾಕು.

ಬೇರಿಂಗ್ ಎರಡು ಕಡೆ ತಗಡಿನ ಮುಚ್ಚಳದ್ದು ಹಾಕಿದ್ದರು. ಕೆಂಪು ಮಣ್ಣಿನ ಧೂಳಿಗೆ ಎಂಟೇ ತಿಂಗಳಲ್ಲಿ ಕಿರಗುಟ್ಟಿದವು. 6202 ಬೇರಿಂಗನ್ನೇ ರಬ್ಬರ್ ಸೀಲಿನದು ಕೇಳಿ ಹಾಕಿಸಿ, ಡಬ್ಬದ ಮೇಲೆ 2ಆರ್‌ಎಸ್ ಅಂತ ಇರುತ್ತೆ. ಡ್ರಮ್ಮಿನ ಅಚ್ಚು ಕೂರುವ ಯುಸಿಪಿ 204 ಪೆಡಸ್ಟಲ್ ಬೇರಿಂಗ್‌ಗೆ ಮೂರು ತಿಂಗಳಿಗೊಮ್ಮೆ ಗ್ರೀಸ್ ಗನ್‌ನಿಂದ ಎರಡು ಒತ್ತು ಸಾಕು. ಹೆಚ್ಚಾದರೆ ಸೀಲ್ ಒಡೆದು ಗ್ರೀಸ್ ಬೆಲ್ಟಿಗೆ ಬರುತ್ತೆ.

ಬೆಲ್ಟು ಹಿಗ್ಗುತ್ತೆ, ಆದರೆ ಎರಡೂ ಒಂದೇ ಸಮ ಹಿಗ್ಗಲ್ಲ. ರೀಪರ್ ಓರೆಯಾಗಿ ಪಕ್ಕದ ಪ್ಲೈವುಡ್ ಕೆರೆಯೋ ಸದ್ದು ಬಂದರೆ ಹಿಂದಿನ ಟೆನ್ಷನ್ ಬೋಲ್ಟನ್ನು ಸಡಿಲಾದ ಕಡೆ ಅರ್ಧ ಸುತ್ತು ಬಿಗಿ ಮಾಡಿ, ಕೈಯಲ್ಲಿ ಹತ್ತು ಸುತ್ತು ತಿರುಗಿಸಿ ನೋಡಿ, ಆಮೇಲೆ ಇನ್ನರ್ಧ. ರೀಪರ್ ಬೋಲ್ಟುಗಳಿಗೆ ಒಳಗೆ ನೈಲಾನ್ ಬಳೆ ಇರುವ ನೈಲಾಕ್ ನಟ್ಟೇ ಬೇಕು. ಮಾಮೂಲಿ ನಟ್ ಅದುರಿ ಸಡಿಲವಾಗಿ, ಬೋಲ್ಟಿನ ತಲೆ ಮೇಲೆದ್ದು ಅಂಗಾಲಿನ ಮೆತ್ತೆ ಸೀಳುತ್ತೆ. ಓಡಿಸುವ ಮುಂಚೆ ಅಂಗೈಯನ್ನು ಪಟ್ಟಿ ಮೇಲೆ ಇಟ್ಟು ಪೂರ್ತಿ ಒಂದು ಸುತ್ತು ತಿರುಗಿಸುವುದು ದಿನದ ಕೆಲಸ.

ಬ್ರೇಕಿನ ಬಗ್ಗೆಯೇ ದೊಡ್ಡ ತಕರಾರು. ಪಟ್ಟಿಯ ಓಟ ತಡೆಯೋಕೆ ಮೊಪೆಡ್ಡಿನ ಬ್ರೇಕ್ ಡ್ರಮ್, ಶೂ ಹಾಕಿ, ಬಿಗಿ ಮಾಡೋಕೆ ಬಟರ್‌ಫ್ಲೈ ನಟ್ ಕೊಟ್ಟಿದ್ದಾರೆ. ತಂಪು ಹೊತ್ತಲ್ಲಿ ಕಚ್ಚಿ ಹಿಡಿಯುತ್ತೆ, ಏಳೆಂಟು ನಿಮಿಷಕ್ಕೆ ಬಿಸಿಯಾಗಿ ಕೈ ಬಿಡುತ್ತೆ. ಬ್ರೇಕ್ ಬಿಟ್ಟ ಕೂಡಲೇ ಪಟ್ಟಿ ಹಗುರವಾಗಿ ಓಡುತ್ತೆ, ಅದರ ಹಿಂದೆ ನಾಯಿಯೂ ಓಡುತ್ತೆ. ನಮಗೆ ಬೇಕಿದ್ದ ಕುಕ್ಕುಲೋಟ ನಾಗಾಲೋಟಕ್ಕೆ ತಿರುಗುವುದು ಹೀಗೆ. ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ, ನಟ್ ಕಾಲು ಸುತ್ತು ಸರಿಮಾಡಿ ಮುಂದುವರಿಯುವುದೊಂದೇ ದಾರಿ. ನಾಯಿಗೂ ಅದು ಒಳ್ಳೆಯದೇ. ಮತ್ತೆ ಮಾಡಿಸುವವರು ಮ್ಯಾಗ್ನೆಟ್ ಬ್ರೇಕ್ ಕೇಳಿ.

ಕಟ್ಟುವ ಕ್ರಮಕ್ಕೆ ಬರೋಣ. ಕೊರಳಪಟ್ಟಿಗೆ ಎಂದೂ ಬೇಡ. ಕಾಲು ತಪ್ಪಿದರೆ ನೇಣೇ. ಎದೆಯ ಮೇಲೆ ವೈ ಆಕಾರಕ್ಕೆ ಬರುವ, ಭುಜ ಆಡಲು ಬಿಡುವ ಹಾರ್ನೆಸ್ಸಿಗೆ ಎರಡೂ ಪಕ್ಕದಿಂದ ಹಗ್ಗ, ನಾಯಿ ಪಟ್ಟಿಯ ನಡುಮಧ್ಯ ಇರುವಷ್ಟು ಉದ್ದ. ಭುಜದ ಮೇಲೆ ಅಡ್ಡ ಬೀಳುವ ಪಟ್ಟಿಯ ಹಾರ್ನೆಸ್ ಹೆಜ್ಜೆ ಮೊಟಕು ಮಾಡುತ್ತೆ. ಮುಂದೆ ಕೋಳಿ ನೇತುಹಾಕಿ ಓಡಿಸುವ ಪದ್ಧತಿ ಕೆಲವು ಕಡೆ ಇದೆ. ಕೋಳಿಗೂ ಹಿಂಸೆ, ನಾಯಿಯೂ ಸುಸ್ತು ಮರೆತು ಮೈ ಮೀರಿ ಓಡುತ್ತೆ. ಮೊಲದ ಬೇಟೆಗೆ ತಯಾರಿ ಅನ್ನುವವರಿಗೆ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ.

ಮಿಲ್ಲಿಗೆ ಹತ್ತಿಸುವ ಮೊದಲು ಎರಡು ಕೆಲಸ. ವಯಸ್ಸು ಹದಿನೈದು ತಿಂಗಳಾದರೂ ಆಗಿರಲಿ, ಅಲ್ಲಿಯವರೆಗೆ ಮೂಳೆಯ ಬೆಳೆಯುವ ತುದಿಗಳು ಮೆತ್ತಗಿರುತ್ತವೆ. ಎರಡನೆಯದು ರಕ್ತ ಪರೀಕ್ಷೆ. ನಮ್ಮ ಕಡೆ ಉಣ್ಣೆ ಜ್ವರ ಮನೆಮಾತು. ಮೇಲ್ನೋಟಕ್ಕೆ ಚೆನ್ನಾಗಿರುವ ನಾಯಿ ಐದು ನಿಮಿಷಕ್ಕೇ ನಾಲಿಗೆ ಚೆಲ್ಲಿದರೆ ದಮ್ಮಿಲ್ಲ ಅಂತ ಇನ್ನಷ್ಟು ಓಡಿಸಬೇಡಿ, ಪ್ಲೇಟ್‌ಲೆಟ್ ನೋಡಿಸಿ. ಮುಧೋಳ, ಗ್ರೇಹೌಂಡ್‌ನಂಥ ಹೌಂಡ್ ಜಾತಿಗೆ ಕೆಂಪು ರಕ್ತಕಣ ಸಹಜವಾಗಿಯೇ ಹೆಚ್ಚು. ಹಾಗಾಗಿ ಬೇರೆ ನಾಯಿಗೆ ‘ನಾರ್ಮಲ್’ ಎನಿಸುವ ಪಿ.ಸಿ.ವಿ. (ರಕ್ತದಲ್ಲಿ ಕೆಂಪು ಕಣದ ಪಾಲು) ಇವುಗಳಲ್ಲಿ ಕಡಿಮೆಯೇ ಇರಬಹುದು. ಡಾಕ್ಟರಿಗೆ ಜಾತಿ ಹೇಳಿ.

ಮೊದಲ ಎರಡು ವಾರ ಓಟವೇ ಇಲ್ಲ. ಬ್ರೇಕ್ ಪೂರ್ತಿ ಬಿಗಿ, ನಾಯಿ ಹತ್ತಿ ಇಳಿದು, ಬೇಯಿಸಿದ ಕೋಳಿ ಲಿವರ್ ಚೂರು ತಿಂದು ಹೋಗಲಿ. ಆಮೇಲೆ ಎರಡು ಮೂರು ನಿಮಿಷ ನಡಿಗೆ. ನಾಲ್ಕನೇ ವಾರದ ಹೊತ್ತಿಗೆ ಐದು ನಿಮಿಷ ಕುಕ್ಕುಲೋಟ, ಎಂಟನೇ ವಾರಕ್ಕೆ ಹನ್ನೆರಡು, ಮೂರು ತಿಂಗಳಿಗೆ ಇಪ್ಪತ್ತು. ಅದೂ ಐದೈದು ನಿಮಿಷದ ತುಂಡುಗಳಲ್ಲಿ. ಸಮಯ ಹೆಚ್ಚಿಸಿದ ವಾರ ಬ್ರೇಕ್ ಬಿಗಿ ಮಾಡಬೇಡಿ, ಬ್ರೇಕ್ ಬಿಗಿ ಮಾಡಿದ ವಾರ ಸಮಯ ಹೆಚ್ಚಿಸಬೇಡಿ. ಎಲ್ಲರೂ ಎಡವುವುದು ಆರನೇ ವಾರದಲ್ಲಿ. ಆಗ ತೊಡೆ ತುಂಬಿಕೊಂಡು ನಾಯಿ ತಯಾರಾದಂತೆ ಕಾಣುತ್ತೆ. ಆದರೆ ಸ್ನಾಯು ಬಂದಷ್ಟು ಬೇಗ ಸ್ನಾಯು-ಕೀಲು ಹಿಡಿದಿಡುವ ಕಟ್ಟುಗಳು, ಮೂಳೆ ಗಟ್ಟಿಯಾಗಲ್ಲ. ಆ ಉತ್ಸಾಹದಲ್ಲಿ ದುಪ್ಪಟ್ಟು ಓಡಿಸಿದರೆ ಕುಂಟು ಗ್ಯಾರಂಟಿ.

ವಾರಕ್ಕೆ ಮೂರು ದಿನ ಮಿಲ್, ದಿನ ಬಿಟ್ಟು ದಿನ. ಎರಡು ದಿನ ಬೆಳಕು ಹರಿದ ಮೇಲೆ ಮಣ್ಣಿನ ನೆಲ, ಎರಡು ದಿನ ಪೂರ್ತಿ ವಿಶ್ರಾಂತಿ. ನೆಲ ಬಿಟ್ಟರೆ ನಡೆಯಲ್ಲ. ಮಿಲ್ ದಮ್ಮು ಕಟ್ಟುತ್ತೆ, ಹಿಂಗಾಲು ಕಟ್ಟುತ್ತೆ. ಅಂಗಾಲು ಗಟ್ಟಿ ಮಾಡಲ್ಲ, ತಿರುಗೋದು ಕಲಿಸಲ್ಲ. ಬರೀ ಮಿಲ್ಲಿನಲ್ಲಿ ಬೆಳೆದ ನಾಯಿ ಕಬ್ಬಿನ ಕೂಳೆ ಗದ್ದೆಗೆ ಇಳಿದರೆ ಮೊದಲ ತಿರುವಿನಲ್ಲೇ ಮಣಿಕಟ್ಟು ಉಳುಕಿಸಿಕೊಳ್ಳುತ್ತೆ.

ಸೆಖೆಯ ಲೆಕ್ಕ. ಫ್ಯಾರನ್‌ಹೀಟ್ ಉಷ್ಣಾಂಶಕ್ಕೆ ತೇವಾಂಶದ ಶೇಕಡಾ ಕೂಡಿಸಿ, 150 ದಾಟಿದರೆ ಎಚ್ಚರ ಅಂತ ಹಿಮದ ದೇಶದ ಬಂಡಿ ನಾಯಿಯವರು ಹೇಳುತ್ತಾರೆ. ಜುಲೈನಲ್ಲಿ ಇಲ್ಲಿ 79 ಡಿಗ್ರಿ, ತೇವ 85 ಇದ್ದರೂ 164. ಅದನ್ನೇ ಹಿಡಿದು ಕೂತರೆ ಮಾಗಿ ಚಳಿ ಬಿಟ್ಟು ಬೇರೆ ಕಾಲವೇ ಇಲ್ಲ. 150ರ ಮೇಲೆ ಸಮಯ ಅರ್ಧ ಮಾಡಿ, ಫ್ಯಾನ್ ಇಟ್ಟು, ಹೊಟ್ಟೆ-ತೊಡೆಸಂದಿ ಒದ್ದೆ ಮಾಡಿ ಓಡಿಸುವುದು ಕೆಲಸಕ್ಕೆ ಬರುವ ಕ್ರಮ. ಶೀಟಿನ ಶೆಡ್ಡಿನಲ್ಲಿ ಬಿಸಿಲೇರಿದ ಮೇಲೆ ಬೇಡವೇ ಬೇಡ. ಥರ್ಮಾಮೀಟರ್ ಇರಲಿ: ಸುಮ್ಮನಿದ್ದಾಗ 101ರಿಂದ 102.5. ಓಡಿದ ಮೇಲೆ 104-105ಕ್ಕೆ ಏರಿದರೂ ಕಾಲು ಗಂಟೆಯಲ್ಲಿ ಇಳಿಯತೊಡಗಬೇಕು. 106 ದಾಟಿ ತೂರಾಡಿದರೆ ಮೊದಲು ಮೈತುಂಬ ನೀರು, ಗಾಳಿ. ಆಸ್ಪತ್ರೆ ಆಮೇಲೆ. ಮಾರನೇ ದಿನ ಸೊಂಟ ಬಿಗಿದು ಮೂತ್ರ ಕಾಫಿ ಬಣ್ಣಕ್ಕೆ ಬಂದರೆ ಸ್ನಾಯು ಒಡೆದಿದೆ ಅಂತ ಅರ್ಥ. ಮೂತ್ರಪಿಂಡ ಹಾಳಾಗುವ ಮುನ್ನ ಡ್ರಿಪ್ ಬೇಕು.

ಆಹಾರ. ಮಂಡ್ಯದ ನಾಯಿ ಮುದ್ದೆ ಹಾಲು ತಿಂದೇ ಬೆಳೆಯೋದು, ಮುದ್ದೆ ಬಿಡಿಸಬೇಕಿಲ್ಲ. ಆದರೆ ಹೆಚ್ಚು ಹೊತ್ತಿನ ಓಟಕ್ಕೆ ನಾಯಿ ಉರಿಸುವುದು ಕೊಬ್ಬು, ಸ್ನಾಯುವಿಗೆ ಬೇಕಿರುವುದು ಪ್ರೋಟೀನು. ಹಾಗಾಗಿ ಮುದ್ದೆ ಅರ್ಧಕ್ಕಿಳಿಸಿ ಮೊಟ್ಟೆ, ಕೋಳಿ, ಬೋಟಿ ಏರಿಸಿ. ಊಟಕ್ಕೂ ಓಟಕ್ಕೂ ನಾಲ್ಕು ಗಂಟೆ ಅಂತರವಿರಲಿ, ಓಡಿದ ಮೇಲೆ ಒಂದು ಗಂಟೆ ಬಿಟ್ಟು ಹಾಕಿ. ಎದೆ ಆಳದ ಈ ನಾಯಿಗಳಲ್ಲಿ ತುಂಬಿದ ಹೊಟ್ಟೆ ತಿರುಚಿಕೊಂಡರೆ ಉಳಿಸೋದು ಕಷ್ಟ.

ಐದಕ್ಕೆ ಮೂರೂವರೆ ಕೊಡಬಹುದು. ಬ್ರೇಕಿಗೆ ಒಂದು, ರೀಪರ್‌ಗೆ ಅರ್ಧ ಕಳೆದಿದೆ. ಒಂದೇ ನಾಯಿ ಇರುವವರು, ದಿನಕ್ಕೆ ಅರ್ಧ ಗಂಟೆ ಪಕ್ಕದಲ್ಲಿ ನಿಲ್ಲಲಾಗದವರು ಇದಕ್ಕೆ ದುಡ್ಡು ಹಾಕಬೇಡಿ. ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದರೆ ಬ್ರೇಕ್ ಬಿಚ್ಚಿಸಿ, ಪಟ್ಟಿಯನ್ನು ಕೈಯಲ್ಲಿ ಜೋರಾಗಿ ಒಮ್ಮೆ ತಳ್ಳಿ ಬಿಡಿ. ಮೂರು ನಾಲ್ಕು ಸುತ್ತು ಬಂದು ನಿಧಾನವಾಗಿ ನಿಂತರೆ ಬೇರಿಂಗ್ ಸರಿ ಇದೆ. ಒಂದೇ ಸುತ್ತಿಗೆ ಗಕ್ಕನೆ ನಿಂತರೆ ಇಪ್ಪತ್ತೆಂಟೂ ಬೇರಿಂಗಿನ ದುಡ್ಡು ಬೆಲೆಯಲ್ಲಿ ಇಳಿಸಿ ಕೇಳಿ.