ಅಪ್ಪಯ್ಯನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಹಾಕಿ ನಾಲ್ಕು ತಿಂಗಳಾಯ್ತು

ತೀರ್ಥಹಳ್ಳಿ ಮನೆಯಲ್ಲಿರುವುದು 2016ರ ಲ್ಯಾಪ್‌ಟಾಪ್. ಆರನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್‌ಗೆ ಹೆಸರು ಕೊಟ್ಟರೆ ಇನ್ನೊಂದು ವರ್ಷ ಎಳೆಯಬಹುದಿತ್ತು, ಅಷ್ಟೇ. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಅನ್ನೋ ಸುರಕ್ಷತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದಿರಬೇಕು. ಕೀಬೋರ್ಡ್ ಸರಿಯಿದೆ, ಸ್ಕ್ರೀನ್ ಸರಿಯಿದೆ, ಅಂಥದ್ದನ್ನು ಗುಜರಿಗೆ ಹಾಕಲು ನನಗೆ ಮನಸ್ಸೇ ಬರಲಿಲ್ಲ.

ಹಾಗಾಗಿ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22 ಅನ್ನೋ ಆಪರೇಟಿಂಗ್ ಸಿಸ್ಟಂ, ಅದರಲ್ಲಿ ಹಳೇ ಕಂಪ್ಯೂಟರ್‌ಗೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ದುಡ್ಡಿಲ್ಲ, ಲೈಸೆನ್ಸ್ ಕೀ ಇಲ್ಲ, 2029ರ ತನಕ ಅಪ್‌ಡೇಟ್ ಬರುತ್ತದೆ. ಸುಮಾರು 3 ಜಿಬಿ ಫೈಲ್, ನಮ್ಮೂರ ನೆಟ್‌ನಲ್ಲಿ ಆಗುವ ಕೆಲಸವಲ್ಲ, ಶಿವಮೊಗ್ಗಕ್ಕೆ ಹೋದಾಗ ಗೆಳೆಯನ ಮನೆಯಲ್ಲಿ ಇಳಿಸಿ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದೆ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ವಿಂಡೋಸ್ ಇದ್ದ ಹಾಗೇ ಇರುತ್ತದೆ. ಎರಡು ದಿನ ಹಾಗೇ ಇಟ್ಟು ವೈಫೈ, ಸೌಂಡ್, ಬ್ಯಾಂಕ್ ವೆಬ್‌ಸೈಟ್, ಪಹಣಿ ತೆಗೆಯೋದು, ಎಲ್ಲ ನೋಡಿದೆ. ತೊಂದರೆ ಆಗಲಿಲ್ಲ.

ತೊಂದರೆ ಬಂದಿದ್ದು ಕನ್ನಡ ಟೈಪಿಂಗ್‌ನ "ನುಡಿ" ತಂತ್ರಾಂಶದ ಫಾಂಟ್‌ನಲ್ಲಿ. ಅಪ್ಪಯ್ಯ ದೇವಸ್ಥಾನ ಸಮಿತಿಯ ಕಾಗದಪತ್ರ ನೋಡಿಕೊಳ್ಳುತ್ತಾರೆ, ಹದಿನೈದು ವರ್ಷದ ಪತ್ರ, ಲೆಕ್ಕ ಎಲ್ಲ ಹಳೇ ನುಡಿ ಫಾಂಟ್‌ನಲ್ಲೇ ಇದೆ. ಮಿಂಟ್‌ನಲ್ಲಿ ಎಂಎಸ್ ಆಫೀಸ್ ಬದಲಿಗಿರುವ ಲಿಬ್ರೆಆಫೀಸ್‌ನಲ್ಲಿ ಒಂದು ಪತ್ರ ತೆರೆದೆ. ಪುಟದ ತುಂಬಾ ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆಲ್ಲ ಗೀಟು, ಚುಕ್ಕಿ. ಹಿಂದೆ ನಿಂತು ನೋಡ್ತಿದ್ದ ಅಪ್ಪಯ್ಯನ ಮುಖ ಸಣ್ಣದಾಯಿತು. "ಎಲ್ಲ ಹೋಯ್ತೇನೋ ಮಾರಾಯ?" ಅಂದರು.

ಏನೂ ಹೋಗಿರಲಿಲ್ಲ. ಹಳೇ ನುಡಿ ಫಾಂಟ್ ಯುನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆಗಿರುವ ಅಕ್ಷರ ಸಂಕೇತ) ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದು. ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷೇ ಕಾಣುತ್ತದೆ. ವಿಂಡೋಸ್‌ನಲ್ಲಿದ್ದ ನುಡಿ ಫಾಂಟ್ ಫೈಲ್‌ಗಳನ್ನು ತಂದು ಇಲ್ಲಿನ ಫಾಂಟ್ ಫೋಲ್ಡರ್‌ಗೆ ಹಾಕಿ ಮತ್ತೆ ತೆರೆದೆ, ಪತ್ರ ಇದ್ದಂತೆ ಬಂತು. ತಿದ್ದಬೇಕಾದ ಪತ್ರವನ್ನು ಮಾತ್ರ ಯುನಿಕೋಡ್‌ಗೆ ಬದಲಾಯಿಸಿಕೊಳ್ಳುತ್ತೇವೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅಂಕಿಗಳನ್ನು ಒಮ್ಮೆ ಕಣ್ಣಾಡಿಸಲೇಬೇಕು.

ಟೈಪಿಂಗ್‌ಗೆ ಐಬಸ್ ಅನ್ನೋ ಬೇರೆ ಬೇರೆ ಭಾಷೆ ಟೈಪ್ ಮಾಡುವ ತಂತ್ರಾಂಶ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ ಕನ್ನಡ ಕೆಜಿಪಿ ಆರಿಸಿಕೊಂಡರೆ ಸಾಕು. ನುಡಿಯದ್ದೇ ಕೀಲಿಮಣೆ. "ಹಳ್ಳಿ" ಬರೆಯಲು ಎಚ್, ಶಿಫ್ಟ್ ಹಿಡಿದು ಎಲ್, ಎಫ್, ಮತ್ತೆ ಶಿಫ್ಟ್ ಎಲ್, ಐ. ಅಪ್ಪಯ್ಯನ ಎಡಗೈ ತೋರುಬೆರಳು ಆ ಎಫ್ ಮೇಲೆ ತಾನಾಗಿಯೇ ಬಿತ್ತು, "ತೀರ್ಥಹಳ್ಳಿ" ಅಂತ ಸ್ಕ್ರೀನ್ ಮೇಲೆ ಮೂಡಿತು. ನನಗೆ ನಿಜಕ್ಕೂ ಸಮಾಧಾನವಾಗಿದ್ದು ಆಗಲೇ.

ಮಲೆನಾಡಿನವರಿಗೆ ಇನ್ನೊಂದು ದೊಡ್ಡ ಅನುಕೂಲ ಇದೆ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಈ ಲ್ಯಾಪ್‌ಟಾಪ್‌ನ ಬ್ಯಾಟರಿ ಹತ್ತು ನಿಮಿಷವೂ ನಿಲ್ಲಲ್ಲ. ಮಿಂಟ್‌ನಲ್ಲಿ ಅಪ್‌ಡೇಟ್ ಯಾವಾಗ ಮಾಡಬೇಕು ಅನ್ನೋದು ನಮ್ಮ ಕೈಯಲ್ಲಿದೆ, ಆಫ್ ಮಾಡೋಕೆ ಹೋದಾಗ "ಅಪ್‌ಡೇಟ್ ಆಗ್ತಿದೆ, ಕಾಯಿರಿ" ಅಂತ ಕೂರಿಸೋದಿಲ್ಲ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಟೈಮ್‌ಶಿಫ್ಟ್ ಅಂತ ಇದೆ, ಮೊದಲ ದಿನವೇ ಅದನ್ನು ಆನ್ ಮಾಡಿ. ಫೋಟೋ, ಕಡತಗಳ ಬ್ಯಾಕಪ್ ಬೇರೆ ಇಡಬೇಕು, ಟೈಮ್‌ಶಿಫ್ಟ್ ಸಿಸ್ಟಂ ಫೈಲ್‌ಗಳಿಗೆ ಮಾತ್ರ.

ಎಲ್ಲರಿಗೂ ಹಾಕಿ ಅಂತ ಹೇಳಲಾರೆ. ಚಿಕ್ಕಪ್ಪನ ಅಂಗಡಿಯಲ್ಲಿ ಲೆಕ್ಕ ಟ್ಯಾಲಿಯಲ್ಲಿ, ಅದು ನೇರವಾಗಿ ಓಡುವುದು ವಿಂಡೋಸ್‌ನಲ್ಲಿ. ಅವರಿಗೆ ಬೇಡ ಅಂದೆ. ಫೋಟೋಶಾಪ್ ನಂಬಿ ಬದುಕುವ ಸ್ಟುಡಿಯೋದವರಿಗೂ ಅಷ್ಟೇ. ಆಫೀಸ್ ಕೆಲಸಕ್ಕೆ ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದಕ್ಕೆ ಲಿನಕ್ಸ್ ಡ್ರೈವರ್ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ.

ನಾನು ಮೊದಲೇ ನೋಡದೆ ಬಿಟ್ಟಿದ್ದು ಪ್ರಿಂಟರ್. ನಮ್ಮ ಹಳೇ ಲೇಸರ್ ಪ್ರಿಂಟರ್‌ಗೆ ಎರಡು ಸಂಜೆ ಒದ್ದಾಡಿದರೂ ಒಂದು ಹಾಳೆ ಹೊರಗೆ ಬರಲಿಲ್ಲ. ಸದ್ಯಕ್ಕೆ ಪಿಡಿಎಫ್ ಮಾಡಿ ಪೇಟೆಯ ಜೆರಾಕ್ಸ್ ಅಂಗಡಿಗೆ ವಾಟ್ಸಾಪ್ ಮಾಡ್ತೇವೆ, ಅಪ್ಪಯ್ಯ ಸಂತೆಗೆ ಹೋದಾಗ ತಗೊಂಡು ಬರುತ್ತಾರೆ.